ಬರೆದುಕೊಂಡ್ರಾ?

ಮೂರು ದಿನ ಬಿಡದೆ ಸುರಿದ ಮಳೆಗೆ ಮೇಲಿನ ರಸ್ತೆಯ ಮೇಲೆ ಗುಡ್ಡ ಜರಿದು ಬಿದ್ದಿತ್ತು. ನಮ್ಮ ಬಸ್ಸು ಅರ್ಧ ದಾರಿಯಿಂದ ಹಿಂದಿರುಗಿ, ಕಣಿವೆಯ ಬುಡದ ಊರಿನಲ್ಲಿ ಒಂದು ಹಳೆಯ ವಸತಿಗೃಹದ ಮುಂದೆ ನಿಂತಿತು. ಹೆಚ್ಚಿನ ಪ್ರಯಾಣಿಕರು ಗುರುತಿನವರ ಮನೆ ಹುಡುಕಿಕೊಂಡು ಹೋದರು. ಹಾಗೆ ಹೋಗಲು ಯಾರೂ ಇಲ್ಲದೆ ಉಳಿದವರು ನಾಲ್ಕೇ ಜನ: ಬಸ್ಸಿನ ಡ್ರೈವರ್, ಹೊಸದಾಗಿ ಮದುವೆಯಾದ ಗಂಡ ಹೆಂಡತಿ, ಮತ್ತು ನಾನು. ನನಗೆ ಪ್ರವಾಸಿ ಕಚೇರಿಯಲ್ಲಿ ಕೆಲಸ. ದೂರದೇಶಗಳಿಂದ ಬರುವವರ ಕೈಗೆ ಕೊಡುವ ಎಚ್ಚರಿಕೆಯ ಹಾಳೆಯನ್ನು ಹೊಸದಾಗಿ ಬರೆಯಬೇಕಿತ್ತು. ಅದಕ್ಕೆ ಮೊದಲು ಈ ದಾರಿಯನ್ನು ಕಣ್ಣಾರೆ ನೋಡಿ ಬಾ ಎಂದು ಕಳಿಸಿದ್ದರು.

ಆರು ಗಂಟೆಯ ಹೊತ್ತಿಗೆ ನಾವೆಲ್ಲ ಕೆಳಗಿನ ಮುಂಗೋಣೆಯಲ್ಲಿ ಸೇರಿದ್ದೆವು. ತಗಡಿನ ಮಾಡಿನ ಮೇಲೆ ಮಳೆ ಬೀಳುವ ಸದ್ದಿಗೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಬೇಕಾದರೆ ಹತ್ತಿರ ಹತ್ತಿರ ಕೂರಬೇಕಿತ್ತು. ವಸತಿಗೃಹ ನಡೆಸುವ ಹೆಂಗಸು ಚಹಾ ತಂದಿಟ್ಟಳು. ಅವಳ ಹಿಂದೆಯೇ ಅವಳ ತಾಯಿ, ಎಪ್ಪತ್ತು ದಾಟಿದ ಮುದುಕಿ, ಗೋಡೆ ಹಿಡಿದುಕೊಂಡು ಬಂದು ಬೆತ್ತದ ಕುರ್ಚಿಯಲ್ಲಿ ಕೂತಳು.

"ನನ್ನನ್ನ ಈ ಊರಲ್ಲಿ ಬೂತಜ್ಜಿ ಅಂತಾರೆ," ಎಂದಳು, ನಾವು ಕೇಳುವ ಮೊದಲೇ. "ಫೋನ್ ಬೂತ್ ಇಟ್ಟಿದ್ದೆ, ಅದಕ್ಕೆ. ಕೆಲವರು ಒತ್ತಿ ಭೂತಜ್ಜಿ ಅಂತಾರೆ. ಅದೂ ತಪ್ಪೇನಿಲ್ಲ ಬಿಡಿ."

ಡ್ರೈವರ್ ನಕ್ಕ. ಅಜ್ಜಿ ನನ್ನ ತೊಡೆಯ ಮೇಲಿದ್ದ ಹಾಳೆಗಳನ್ನು ನೋಡಿ ಅದೇನೆಂದು ಕೇಳಿದಳು. ನಾನು ಓದಿ ಹೇಳಿದೆ. ಗುರುತಿಲ್ಲದ ವಾಹನ ಹತ್ತಬೇಡಿ. ಕುದಿಸದ ನೀರು ಕುಡಿಯಬೇಡಿ. ಪಾಸ್‌ಪೋರ್ಟಿನ ನಕಲನ್ನು ಬೇರೆ ಚೀಲದಲ್ಲಿಡಿ. ಮಳೆಗಾಲದಲ್ಲಿ ಹಳ್ಳ ದಾಟುವ ಸಾಹಸ ಬೇಡ. ಎಲ್ಲಿಗೆ ಹೋಗುತ್ತೀರಿ, ಯಾವಾಗ ಬರುತ್ತೀರಿ ಎಂದು ಯಾರಿಗಾದರೂ ಹೇಳಿ ಹೋಗಿ.

"ಕೊನೇದು ಇನ್ನೊಂದು ಸಲ ಓದಮ್ಮ."

ಓದಿದೆ.

"ಹೇಳಿ ಹೋದ್ರೆ ಸಾಕಾ?" ಎಂದಳು ಅಜ್ಜಿ. "ಕೇಳಿಸಿಕೊಂಡೋರು ಏನು ಮಾಡಬೇಕು ಅಂತ ಅದರಲ್ಲಿ ಎಲ್ಲೂ ಬರೆದಿಲ್ವಲ್ಲ."

ಅವಳು ಸೆರಗನ್ನು ಹೆಗಲ ಮೇಲೆ ಬಿಗಿಯಾಗಿ ಹೊದ್ದು, ಚಹಾದ ಲೋಟವನ್ನು ಎರಡೂ ಅಂಗೈಗಳ ನಡುವೆ ಹಿಡಿದು, ಹೇಳಲು ಶುರುಮಾಡಿದಳು.

"ಮೂವತ್ತೆಂಟು ವರ್ಷದ ಹಿಂದಿನ ಮಾತು ಇದು. ಅಗೋ, ಆ ಮೂಲೇಲಿ ಗಾಜಿನ ಗೂಡು ಕಾಣುತ್ತಲ್ಲ, ಅದೇ ನನ್ನ ಬೂತು. ಒಳಗೆ ಎರಡು ಫೋನು. ಒಂದು ಈ ಸುತ್ತಿನ ಊರುಗಳಿಗೆ, ಇನ್ನೊಂದು ದೂರದೇಶಕ್ಕೆ. ಆಗ ಈ ಕಣಿವೆಗೆಲ್ಲ ದೂರದೇಶಕ್ಕೆ ಮಾತಾಡೋಕೆ ಇದ್ದಿದ್ದು ಅದೊಂದೇ ತಂತಿ ಕಣ್ರಪ್ಪ, ಹಂಗಾಗಿ ಬೆನ್ನ ಮೇಲೆ ಚೀಲ ಹೊತ್ತು ಬೆಟ್ಟ ಹತ್ತೋಕೆ ಬಂದೋರೆಲ್ಲ ನನ್ನ ಮುಂದೆ ಹಾದೇ ಹೋಗಬೇಕು. ಅದನ್ನ ನೋಡಿ ಪೊಲೀಸರು ಇನ್ನೊಂದು ಕೆಲಸಾನೂ ನನ್ನ ತಲೆಗೆ ಕಟ್ಟಿದ್ರು. ಒಂದು ದಪ್ಪ ಪುಸ್ತಕ, ಅದಕ್ಕೆ ದಾರ ಕಟ್ಟಿದ ಪೆನ್ಸಿಲ್ಲು. ಮೇಲೆ ಹೋಗೋರ ಹೆಸರು, ಯಾವ ದಾರಿ, ಯಾರ ಜೊತೆ, ವಾಪಸ್ ಯಾವತ್ತು, ಊರಿನ ಫೋನ್ ನಂಬರು... ಎಲ್ಲಾ ನಾನು ಬರ್ಕೋಬೇಕು. ದಾರಿ ಪುಸ್ತಕ ಅಂತಿದ್ವಿ. ಹೇಳಿದ ದಿನ ವಾಪಸ್ ಬರಲಿಲ್ಲ ಅಂದ್ರೆ ಪೊಲೀಸರು ಆ ಪುಸ್ತಕ ತೆಗೆದು, ಅದರಲ್ಲಿರೋ ದಾರಿ ಹಿಡಿದು ಹುಡುಕೋಕೆ ಹೋಗೋರು.

"ಬಂದೋರಿಗೆ ಎಚ್ಚರಿಕೆ ಹೇಳೋದೂ ನನ್ನ ಕೆಲಸವೇ. ಈ ಹುಡುಗಿ ಈಗ ಓದಿದ್ಲಲ್ಲ, ಹೆಚ್ಚು ಕಮ್ಮಿ ಅದೇ. ದಿನಾ ಹೇಳಿ ಹೇಳಿ ಮಗ್ಗಿ ಥರ ಬಾಯಿಗೆ ಬಂದಿತ್ತು. ಎಲ್ಲರೂ ತಲೆ ಆಡಿಸಿ ನಕ್ಕು ಹೋಗೋರು... ಒಬ್ಬಳು ಮಾತ್ರ ನಗಲಿಲ್ಲ. ಸಣ್ಣ ಡೈರಿ ತೆಗೆದು ನಾನು ಹೇಳಿದ್ದನ್ನೆಲ್ಲ ಒಂದೊಂದಾಗಿ ಬರ್ಕೊಂಡ್ಲು. ಕುದಿಸಿದ ನೀರು ಅಂದ್ರೆ ಎಷ್ಟು ಹೊತ್ತು ಕುದಿಸಿದ್ದು ಅಂತ ಕೇಳಿದ್ಲು. ಅಂಥಾ ಹೆಂಗಸು.

"ಮೂವತ್ತೈದರ ಆಸುಪಾಸು ಇರಬೇಕು ಅವಳಿಗೆ. ಅವಳ ಊರಲ್ಲಿ ಟ್ರಾಮ್ ಓಡಿಸೋ ಕೆಲಸ ಅಂತೆ. ಹದಿಮೂರು ವರ್ಷ ಒಂದೇ ಹಳಿ ಮೇಲೆ, ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ. ಹಳಿಯೇ ಇಲ್ಲದ ದಾರೀಲಿ ಒಂದು ಸಲ ಹೋಗಬೇಕು ಅನ್ನಿಸ್ತು, ಬಂದೆ ಅಂದ್ಲು. ನಮ್ಮ ಭಾಷೆಯನ್ನ ಪುಸ್ತಕ ಇಟ್ಕೊಂಡು ಕಲಿತಿದ್ಲು. ಒಂದೊಂದೇ ಮಾತನ್ನ, ಗಾಜಿನ ಲೋಟ ಕಪಾಟಲ್ಲಿ ಜೋಡಿಸ್ತಾರಲ್ಲ, ಹಂಗೆ ಇಟ್ಟು ಇಟ್ಟು ಮಾತಾಡೋಳು. ನಾವೆಲ್ಲ ಅವಳಿಗೆ ಟ್ರಾಮಕ್ಕ ಅಂತಲೇ ಹೆಸರಿಟ್ವಿ. ಅವಳಿಗೂ ಅದು ಇಷ್ಟ ಆಗಿತ್ತು.

"ದಿನಾ ಸಂಜೆ ಐದೂವರೆಗೆ ಸರಿಯಾಗಿ ಬರೋಳು. ಟ್ರಾಮ್ ಓಡಿಸೋರಲ್ವಾ, ನಿಮಿಷ ತಪ್ಪೋಹಾಗಿಲ್ಲ. ಗೂಡಿನ ಒಳಗೆ ಹೋಗಿ, ಬಾಗಿಲು ಹಾಕ್ಕೊಂಡು, ನಂಬರು ತಿರುಗಿಸಿ, ಕಿವಿಗೆ ಇಟ್ಕೊಂಡು... ಸುಮ್ಮನೆ ನಿಂತಿರೋಳು. ಒಂದು ಮಾತಿಲ್ಲ. ಅರ್ಧ ನಿಮಿಷ ಆದ ಮೇಲೆ ಮೆಲ್ಲಗೆ ಕೆಳಗಿಟ್ಟು ಬರೋಳು. ಮೊದಲನೇ ದಿನ ಲೈನ್ ಸಿಗಲಿಲ್ಲವೇನೋ ಅಂದ್ಕೊಂಡೆ. ಎರಡನೇ ದಿನಾನೂ ಅದೇ. ಮೂರನೇ ದಿನ ನಾನೇ ಕೂರಿಸಿ ಚಹಾ ಕೊಟ್ಟು ಕೇಳ್ದೆ. ಲೈನ್ ಸಿಗ್ತಿಲ್ವಾ ಅಂತ. 'ಸಿಗುತ್ತೆ,' ಅಂದ್ಲು. 'ನನ್ನ ತಂಗಿ ಹಲೋ ಅಂತಾಳೆ. ನಾಲ್ಕು ಸಲ ಅಂತಾಳೆ. ಐದನೇ ಸಲಕ್ಕೆ ಇಟ್ಟುಬಿಡ್ತಾಳೆ.'

"ಇಬ್ಬರೇ ಅಕ್ಕ ತಂಗಿ. ತಾಯಿ ಹೋದಾಗ ತಂಗಿಗೆ ಹನ್ನೊಂದು ವರ್ಷ. ಸಾಕಿದ್ದೆಲ್ಲ ಇವಳೇ. ಎಲ್ಲಿಗೆ ಹೊರಟೆ, ಯಾರ ಜೊತೆ, ಎಷ್ಟು ಹೊತ್ತಿಗೆ ಬರ್ತೀಯ... ಅದನ್ನ ಕೇಳದೆ ಬಾಗಿಲು ದಾಟೋಕೆ ಬಿಟ್ಟಿದ್ದೇ ಇಲ್ವಂತೆ. ಹೆತ್ತ ತಾಯಿನೂ ಅಷ್ಟು ಕೇಳ್ತಿರಲಿಲ್ಲವೇನೋ. ತಂಗಿ ದೊಡ್ಡವಳಾದ್ಲು, ಕೆಲಸಕ್ಕೆ ಸೇರಿದ್ಲು, ಇವಳು ಕೇಳೋದು ನಿಲ್ಲಿಸಲಿಲ್ಲ. ಒಂದು ದಿನ ಅವಳು ತಿರುಗಿ ನಿಂತು, ಇನ್ನು ಮೇಲೆ ನಾನೆಲ್ಲಿ ಹೋಗ್ತೀನಿ ಅಂತ ನಿನಗೆ ಹೇಳಲ್ಲ, ನೀನೂ ನನಗೆ ಹೇಳಬೇಡ ಅಂದ್ಲಂತೆ. ಅಷ್ಟೇ. ಅಷ್ಟು ಮಾತಿಗೆ ಈ ಹೆಂಗಸು ಚೀಲ ತಗೊಂಡು, ಯಾವ ದೇಶ, ಯಾವ ಊರು ಅಂತ ಒಂದು ಚೀಟಿನೂ ಇಡದೆ ಬಂದುಬಿಟ್ಟಿದ್ಲು... ಹನ್ನೊಂದು ವರ್ಷದ ಮಗೂನ ಕೈ ಹಿಡಿದು ರಸ್ತೆ ದಾಟಿಸಿದೋಳು. ಆ ಮಾತು ಎಷ್ಟು ಒಳಗೆ ಇಳಿದಿರಬೇಕು, ನೀವೇ ಯೋಚನೆ ಮಾಡಿ.

"'ನಾಳೆ ಮಾತಾಡಿಬಿಡಿ' ಅಂದೆ ನಾನು. 'ಬೆಟ್ಟದ ಮೇಲಿನ ಕೆರೆ ನೋಡಿ ಬಂದು ಮಾತಾಡ್ತೀನಿ,' ಅಂದ್ಲು. 'ಹೇಳೋಕೆ ಏನಾದ್ರೂ ಒಂದು ಬೇಕಲ್ಲ.'"

ಅಜ್ಜಿ ಲೋಟವನ್ನು ನೆಲದ ಮೇಲಿಟ್ಟಳು. ಹೊಸ ಮದುಮಗಳು ಕಾಲು ಮಡಚಿ ಬೆಂಚಿನ ಮೇಲೆ ಎಳೆದುಕೊಂಡಳು.

"ಮಾರನೇ ದಿನ ಮಧ್ಯಾಹ್ನ. ಹೊರಗೆ ಹಿಂಗೇ ಮಳೆ. ಬೂತಲ್ಲಿ ಲಾರಿ ಮಾಲೀಕ ಒಬ್ಬ, ಅವನ ಲಾರಿ ಎಲ್ಲೋ ಕೆಟ್ಟು ನಿಂತಿತ್ತು ಅಂತ ಗಂಟಲು ಹರಿಯೋ ಹಂಗೆ ಕಿರುಚ್ತಿದ್ದ. ಅವನ ಹಿಂದೆ ಆರು ಜನ ಸಾಲು. ಇಗೋ, ಇವಳು, ನನ್ನ ಮಗಳು, ಆಗ ಒಂಬತ್ತು ತಿಂಗಳ ಕೂಸು, ಮೈ ಕೆಂಡದ ಹಂಗೆ ಸುಡ್ತಿತ್ತು, ಸೊಂಟದ ಮೇಲಿಂದ ಕೆಳಗಿಳಿಸಿದ್ರೆ ಅಳು. ಆಗ ಟ್ರಾಮಕ್ಕ ಬಂದ್ಲು. ಸಾಲು ನೋಡಿ ಒಳಗೆ ಬರಲಿಲ್ಲ, ಕಿಟಕಿ ಆಚೆಯಿಂದ ಬೆರಳಲ್ಲಿ ತಟ್ಟಿದ್ಲು. ರೈನ್‌ಕೋಟಿನ ಗುಂಡಿ ಕತ್ತಿನ ತನಕ ಹಾಕ್ಕೊಂಡಿದ್ಲು. 'ಮೇಲಿನ ಕೆರೆಗೆ,' ಅಂದ್ಲು. 'ಹಳೇ ಗಣಿ ದಾರಿ. ಒಬ್ಬಳೇ. ನಾಳೆ ಸಂಜೆ ವಾಪಸ್. ಬರೆದುಕೊಳ್ತೀರಾ?'

"ಗಣಿ ದಾರಿ ಮಳೆಗಾಲದಲ್ಲಿ ಬೇಡ ಅಂತ ನಾನು ಹೇಳಬೇಕಿತ್ತು. ಹೇಳಲಿಲ್ಲ. 'ಬರ್ಕೋತೀನಿ, ಹೋಗಿ ಬನ್ನಿ' ಅಂತ ಕೈ ಬೀಸಿದೆ. ಅವಳೂ ಕೈ ಬೀಸಿದ್ಲು... ಆಮೇಲೆ ಲಾರಿಯವನು ಲೈನ್ ಕಟ್ ಆಯ್ತು ಅಂತ ಜಗಳಕ್ಕೆ ಬಂದ. ಮಗು ವಾಂತಿ ಮಾಡ್ತು. ಡಾಕ್ಟರ ಹತ್ತಿರ ಓಡಿದೆ.

"ಪುಸ್ತಕ ತೆಗೀಲೇ ಇಲ್ಲ ನಾನು."

ಬಾಗಿಲ ಬಳಿ ನಿಂತಿದ್ದ ಮಗಳು, "ಅಮ್ಮ, ಸಾಕು," ಎಂದಳು. ಅಜ್ಜಿಗೆ ಅದು ಕೇಳಿಸಿದಂತೆ ಕಾಣಲಿಲ್ಲ.

"ನಾಳೆ ಸಂಜೆ ಆಯ್ತು. ಬರಲಿಲ್ಲ. ಮಳೆ ಅಲ್ವಾ, ಕೆರೆ ಹತ್ತಿರದ ಗುಡಿಸಲಲ್ಲಿ ಉಳಿದಿರ್ತಾಳೆ ಅಂದ್ಕೊಂಡೆ. ಅದರ ಮಾರನೇ ದಿನ ಅವಳ ತಂಗೀದೇ ಫೋನು. ದಿನಾ ಮಾತಿಲ್ಲದ ಕರೆ ಬರ್ತಿತ್ತಲ್ಲ, ಎಲ್ಲಿಂದ ಅಂತ ಎಕ್ಸ್‌ಚೇಂಜಿನಲ್ಲಿ ಕೇಳಿ ಕೇಳಿ ಪತ್ತೆ ಮಾಡಿದ್ಲಂತೆ. ಎರಡು ದಿನದಿಂದ ಅದೂ ನಿಂತಿದ್ದಕ್ಕೆ ಹೆದರಿದ್ಲು. ನನಗೂ ಅವಳಿಗೂ ಬರ್ತಿದ್ದ ಹರುಕು ಮುರುಕು ಇಂಗ್ಲಿಷಲ್ಲಿ 'ಅಕ್ಕ ಅಲ್ಲಿ ಇದ್ದಾಳಾ?' ಅಂದ್ಲು. ಹೊರಗೆ ಹೋಗಿದ್ದಾರೆ, ಬರ್ತಾರೆ ಅಂದೆ. ಇಟ್ಟ ತಕ್ಷಣ ಪೊಲೀಸರಿಗೆ ಹೇಳಿ ಕಳಿಸ್ದೆ. ಅವರು ಬಂದು ಪುಸ್ತಕ ತೆಗೆದ್ರು. ಹಾಳೆ ಖಾಲಿ. ದಫೇದಾರ್ರು ನನ್ನ ಮುಖ ನೋಡಿ, 'ನಿಮಗೇನಾದ್ರೂ ಹೇಳಿ ಹೋದ್ರೇನಮ್ಮಾ?' ಅಂದ್ರು.

"ಏನು ಹೇಳಿದೆ ಗೊತ್ತಾ ನಾನು?... ಇಲ್ಲ ಅಂದೆ. ಬೂತು ಕಿತ್ಕೊಂಡುಬಿಡ್ತಾರೆ ಅನ್ನೋ ಭಯ. ಗಂಡ ಬಿಟ್ಟು ಹೋಗಿದ್ದ, ಕಂಕುಳಲ್ಲಿ ಕೂಸು, ಆ ಗಾಜಿನ ಗೂಡೇ ನನ್ನ ಅನ್ನ. ಆ ಹೊತ್ತಿಗೆ ಬಾಯಿಂದ ಇಲ್ಲ ಅಂತ ಬಂತು. ಒಂದು ಸಲ ಬಂದ ಮೇಲೆ ಅದನ್ನ ವಾಪಸ್ ತಗೊಳ್ಳೋದು ಎಷ್ಟು ಕಷ್ಟ ಅಂತ ಆಮೇಲೆ ಗೊತ್ತಾಯ್ತು.

"ಅವರು ಜೀಪಿನ ರಸ್ತೆ ಹುಡುಕಿದ್ರು. ಎಲ್ಲರೂ ಹೋಗೋದು ಅದರಲ್ಲೇ ತಾನೆ. ಮೂರು ದಿನ ಹುಡುಕಿದ್ರು, ಕಣಿವೆಗೆ ಹಗ್ಗ ಬಿಟ್ಟು ಇಳಿದ್ರು. ಮೂರು ದಿನವೂ ನಾನು ಇಲ್ಲೇ ಕೂತು ಕಂಡೋರಿಗೆಲ್ಲ ನಂಬರು ತಿರುಗಿಸಿ ಕೊಡ್ತಿದ್ದೆ... ನಾಲ್ಕನೇ ದಿನ ಬೆಳಗ್ಗೆ ಠಾಣೆಗೆ ಓಡಿ ಹೋಗಿ ಕಕ್ಕಿಬಿಟ್ಟೆ. ಗಣಿ ದಾರಿ, ಗಣಿ ದಾರಿ ಅಂತ.

"ಎರಡೇ ತಾಸಲ್ಲಿ ಸಿಕ್ಕಿದ್ಲು. ಹಳ್ಳದ ಕಾಲುಸೇತುವೆ ಕೊಚ್ಚಿ ಹೋಗಿತ್ತು, ದಾಟೋಕೆ ಹೋಗಿ ಕಾಲು ಮುರ್ಕೊಂಡು, ತೆವಳಿಕೊಂಡು ಒಂದು ಬಂಡೆ ಕೆಳಗೆ ಸೇರಿದ್ಲು. ಹಿಂದಿನ ದಿನದ ತನಕ ಜೀವ ಇತ್ತು ಅಂದ್ರು ಡಾಕ್ಟರು. ಬಂಡೆಗೆ ಒರಗಿ, ಚೀಲ ಕಟ್ಟಿ ಪಕ್ಕಕ್ಕಿಟ್ಟು, ರೈನ್‌ಕೋಟಿನ ಗುಂಡಿಯೆಲ್ಲ ಹಾಕ್ಕೊಂಡು, ದಾರಿ ಕಡೆ ಮುಖ ಮಾಡಿ ಕೂತಿದ್ಲಂತೆ. ಹೆದರಿದ ಮುಖ ಅಲ್ಲ... ಈಗ ಬರೋರನ್ನ ಕಾಯ್ತಿದ್ದ ಹಂಗೆ. ಯಾಕೆ ಹೇಳಿ? ನಾನು ಬರ್ಕೋತೀನಿ ಅಂದಿದ್ನಲ್ಲ."

ನಾನು ಹಾಳೆಗಳನ್ನು ಚೀಲದೊಳಗೆ ತುರುಕಿದೆ.

"ತಂಗಿ ಬಂದ್ಲು. ಇಪ್ಪತ್ತಮೂರು ವರ್ಷದ ಹುಡುಗಿ. ಅಕ್ಕನದೇ ಹಣೆ, ಅಕ್ಕನದೇ ನಡಿಗೆ. ಜೊತೆಗೆ ಅವಳ ಭಾಷೆ ಬಲ್ಲ ಮೇಷ್ಟ್ರು ಒಬ್ಬರನ್ನ ಕರ್ಕೊಂಡು ಬಂದಿದ್ಲು. ನಾನು ಏನೂ ಮುಚ್ಚಿಡಲಿಲ್ಲ. ಅವಳ ಎದುರು ನೆಲದ ಮೇಲೆ ಕೂತು ಎಲ್ಲಾ ಹೇಳ್ದೆ, ಇಲ್ಲ ಅಂದಿದ್ದನ್ನೂ ಹೇಳ್ದೆ. ಬೈತಾಳೆ, ಹೊಡೀತಾಳೆ ಅಂದ್ಕೊಂಡಿದ್ದೆ. ಬೈದಿದ್ರೆ ಎಷ್ಟೋ ಹಗುರ ಆಗ್ತಿತ್ತು. ಅವಳು ಮೇಷ್ಟ್ರ ಬಾಯಲ್ಲಿ ನನ್ನನ್ನ ಒಂದೇ ಮಾತು ಕೇಳಿಸಿದ್ಲು. 'ಕಿಟಕಿ ಆಚೆ ನಿಂತು ಮಾತಾಡಿದಾಗ ಅಕ್ಕನ ದನಿ ಹೆಂಗಿತ್ತು?' ಅಂತ. ತಿಂಗಳಾಗಿತ್ತಲ್ಲ ಅವಳು ಆ ದನಿ ಕೇಳಿ. ದಿನಾ ಉಸಿರು ಮಾತ್ರ ಕೇಳಿಸಿತ್ತು ಪಾಪ. ಸಂತೋಷವಾಗಿತ್ತು ಅಂದೆ. ಸುಳ್ಳಲ್ಲ ಅದು.

"ಅವತ್ತು ಸಂಜೆ ಐದೂವರೆಗೆ ದೂರದೇಶದ ಫೋನು ಹೊಡ್ಕೊಂತು. ಎತ್ತಿದೆ. ಮೊದಲು ಬರೀ ಮಳೆ ಸದ್ದು, ಹಳ್ಳ ಹರಿಯೋ ಸದ್ದು. ಆಮೇಲೆ... ಲೋಟ ಜೋಡಿಸಿಟ್ಟ ಹಂಗೆ ಒಂದೊಂದೇ ಮಾತು. 'ಬರೆದುಕೊಂಡ್ರಾ?'

"ತಂಗಿ ನನ್ನ ಮುಖ ನೋಡಿದೋಳೇ ರಿಸೀವರ್ ಕಿತ್ಕೊಂಡು ಕಿವಿಗೆ ಇಟ್ಕೊಂಡ್ಲು. ಏನೇನೋ ಮಾತಾಡಿದ್ಲು, ಅತ್ಲು, ಒಂದೇ ಮಾತನ್ನ ಹತ್ತು ಸಲ ಅಂದ್ಲು. ಅದು ಅಕ್ಕ ಅನ್ನೋ ಮಾತು ಅಂತ ಮೇಷ್ಟ್ರು ಹೇಳಬೇಕಾಗಿರಲಿಲ್ಲ. ಆದ್ರೆ ಅವಳಿಗೆ ಕೇಳಿಸಿದ್ದು ಮಳೆ ಮಾತ್ರ. ಮತ್ತೆ ನಾನು ಇಸ್ಕೊಂಡ್ರೆ ನನಗೆ ಮಾತು ಕೇಳುತ್ತೆ. 'ನಿಮ್ಮ ತಂಗಿ ಬಂದಿದ್ದಾರೆ, ಇಲ್ಲೇ ನಿಂತಿದ್ದಾರೆ' ಅಂದೆ. ಅದು ಆ ಕಡೆ ಮುಟ್ಟಲೇ ಇಲ್ಲ. 'ತಪ್ಪಾಯ್ತು, ನಾನು ಬರ್ಕೊಂಡಿಲ್ಲ' ಅಂದೆ. ಅದು ಮಾತ್ರ ಮುಟ್ತು. ಕೋಪ ಮಾಡ್ಕೊಳ್ಳಲಿಲ್ಲ ಕಣ್ರಿ. ಮಕ್ಕಳಿಗೆ ಹೇಳೋ ಹಂಗೆ ತಾಳ್ಮೆಯಿಂದ ಮೊದಲಿಂದ ಶುರುಮಾಡಿದ್ಲು. 'ಮೇಲಿನ ಕೆರೆಗೆ. ಹಳೇ ಗಣಿ ದಾರಿ. ಒಬ್ಬಳೇ. ನಾಳೆ ಸಂಜೆ ವಾಪಸ್. ಬರೆದುಕೊಳ್ತೀರಾ?' ದಾರಿ ಪುಸ್ತಕ ತೆಗೆದು ಬರೆದೆ. ಬರೆದು 'ಬರ್ಕೊಂಡೆ' ಅಂದೆ. 'ಹಾಗಾದ್ರೆ ಕಾಯ್ತೀನಿ' ಅಂದು ಇಟ್ಟುಬಿಟ್ಲು.

"ಅವತ್ತಿಂದ ದಿನಾ. ದಿನಾ ಐದೂವರೆ. ನಾನು ಬರೀತೀನಿ, ಅವಳು ಕಾಯ್ತೀನಿ ಅಂತಾಳೆ. ಎಷ್ಟು ಪುಸ್ತಕ ಮುಗಿದ್ವೋ, ಮೇಲಿನ ಕೋಣೆ ತುಂಬಾ ಇವೆ.

"ತಂಗಿ ಹನ್ನೆರಡು ದಿನ ಇದ್ಲು. ಹನ್ನೆರಡು ಸಂಜೆನೂ ಆ ಗೂಡಲ್ಲಿ ನಿಂತು ಬರೀ ಮಳೆ ಕೇಳಿದ್ಲು. ಹೊರಡೋ ದಿನ ನನ್ನ ಕೈ ಹಿಡ್ಕೊಂಡು ಮೇಷ್ಟ್ರ ಬಾಯಲ್ಲಿ ಹೇಳಿಸಿದ್ಲು. ಈ ಫೋನ್ ತೆಗೆಸಬೇಡಿ, ಒಂದು ದಿನಾನೂ ಎತ್ತದೆ ಇರಬೇಡಿ ಅಂತ. ಆಮೇಲೆ ಅವಳ ಊರಿಂದ ದಿನಾ ಏಳು ಗಂಟೆಗೆ ಫೋನ್ ಮಾಡೋಳು. ನಮ್ಮ ಭಾಷೇಲಿ ಎರಡೇ ಮಾತು ಚೆನ್ನಾಗಿ ಕಲಿತಿದ್ಲು. 'ಇವತ್ತು ಬಂತಾ?' ಬಂತು ಅಂತಿದ್ದೆ. ಒಂದು ನಿಟ್ಟುಸಿರು, ಅಷ್ಟೇ, ಇಡೋಳು. ಮದುವೆ ಆದ ದಿನಾನೂ ಮಾಡಿದ್ಲು. ಮಗು ಹುಟ್ಟಿದ ಆಸ್ಪತ್ರೆಯಿಂದಾನೂ ಮಾಡಿದ್ಲು. ಇಪ್ಪತ್ತೆರಡು ವರ್ಷ... ಒಂದು ದಿನ ತಪ್ಪಲಿಲ್ಲ.

"ಆಮೇಲೆ ಒಂದು ಸಲ ಆರು ದಿನ ತಂಗಿ ಕರೆ ಬರಲಿಲ್ಲ. ಏಳನೇ ದಿನ ಬಂತು. 'ಇವತ್ತು ಬಂತಾ?' ದನಿ ಸ್ವಲ್ಪ ದೂರ ಆಗಿತ್ತು, ಅಷ್ಟೇ. ನಾನು ಸಮಾಧಾನದಿಂದ ಬಂತು ಅಂದೆ. ಹದಿನೈದು ದಿನ ಬಿಟ್ಟು ಅವಳ ಗಂಡನ ಕಾಗದ ಬಂತು. ಮೇಷ್ಟ್ರು ಓದಿ ಹೇಳಿದ್ರು. ಕರೆ ನಿಂತ ಮೊದಲನೇ ದಿನವೇ ಅವಳು ತೀರಿಕೊಂಡಿದ್ಲು."

ಮದುಮಗಳು ಗಂಡನ ತೋಳು ಹಿಡಿದುಕೊಂಡಳು. ಡ್ರೈವರ್ ಮೆಲ್ಲಗೆ, "ಅಜ್ಜಿ, ಈಗ ಇಬ್ಬರೂ ಒಂದೇ ಕಡೆ ಸೇರಿರಬೇಕಲ್ವಾ?" ಎಂದ.

"ನಾನೂ ಹಂಗೇ ಅಂದ್ಕೊಂಡೆ ಮಗಾ. ಸತ್ತೋರು ಸತ್ತೋರಿಗೆ ಸಿಗ್ತಾರೆ ಅಂತ ನಾವೆಲ್ಲ ನಂಬ್ಕೊಂಡಿರ್ತೀವಿ. ಇಲ್ಲ. ಅಕ್ಕ ಆ ಬಂಡೆ ಕೆಳಗೆ, ದಾರಿ ನೋಡ್ತಾ. ತಂಗಿ ಎಲ್ಲೋ, ಅದು ಎಲ್ಲಿ ಅಂತ ನನಗೆ ಗೊತ್ತಿಲ್ಲ. ನಡುವೆ ನಾನು. ಒಂದು ಸಲ ಧೈರ್ಯ ಮಾಡ್ದೆ. ನಾಳೆ ಐದೂವರೆಗೆ ಈ ಇನ್ನೊಂದು ಫೋನಿಗೆ ಮಾಡಿ ಅಂತ ತಂಗಿಗೆ ಅಂದೆ. ಮಾಡಿದ್ಲು. ಎರಡೂ ಒಟ್ಟಿಗೆ ಹೊಡ್ಕೊಂಡ್ವು. ಎರಡನ್ನೂ ಎತ್ತಿ, ಇದರ ಬಾಯಿಗೆ ಅದರ ಕಿವಿ, ಅದರ ಬಾಯಿಗೆ ಇದರ ಕಿವಿ ಒತ್ತಿ ಹಿಡಿದೆ. ಹಿಡಿದ್ರೆ... ಎರಡರಲ್ಲೂ ಮಳೆ ನಿಂತು ಹೋಯ್ತು. ಅಂಥಾ ಮೌನ ನಾನು ಯಾವತ್ತೂ ಕೇಳಿಲ್ಲ. ಆಮೇಲೆ ಹದಿನೇಳು ದಿನ ಯಾರೂ ಮಾಡಲಿಲ್ಲ. ಆ ಹದಿನೇಳು ದಿನ ನಾನು ಅನ್ನ ಮುಟ್ಟಲಿಲ್ಲ. ಇಬ್ಬರನ್ನೂ ಕಳೆದುಬಿಟ್ಟೆ ಅಂತ. ಮತ್ತೆ ಬರೋಕೆ ಶುರುವಾದ ಮೇಲೆ ಆ ಕೆಲಸಕ್ಕೆ ಕೈ ಹಾಕಿಲ್ಲ."

"ಈಗಲೂ..." ಎಂದು ನಾನು ಶುರುಮಾಡಿ ನಿಲ್ಲಿಸಿದೆ.

"ಕಂಪನಿಯವರು ತಂತಿ ಕಿತ್ತುಕೊಂಡು ಹೋಗಿ ಹದಿನಾಲ್ಕು ವರ್ಷ ಆಯ್ತು," ಎಂದಳು ಅಜ್ಜಿ. "ಅದು ಅವರಿಬ್ಬರಿಗೂ ಗೊತ್ತಿಲ್ಲ. ನನಗೀಗ ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಅರ್ಧ. ಅಕ್ಕನ ದನಿ ಹೆಂಗೋ ಕೇಳುತ್ತೆ. ತಂಗೀದು ಮೊದಲೇ ಸಣ್ಣ ದನಿ. ಮೊನ್ನೆ ಮೂರು ಸಲ ಕೇಳಿದ್ಲಂತೆ ಬಂತಾ, ಬಂತಾ ಅಂತ. ನನಗೆ ತಿಳೀಲಿಲ್ಲ. ಅಲ್ಲಿ ನಿಂತಿದ್ದಾಳಲ್ಲ ನನ್ನ ಮಗಳು, ಅವಳು ಬಂದು ಹೇಳಿದ್ಲು."

ನಾವೆಲ್ಲ ಬಾಗಿಲ ಕಡೆ ತಿರುಗಿದೆವು. ಮಗಳು ತಲೆ ತಗ್ಗಿಸಿ ಖಾಲಿ ಲೋಟಗಳನ್ನು ಒಂದರೊಳಗೊಂದು ಇಡುತ್ತಿದ್ದಳು. ಇಲ್ಲವೆನ್ನಲಿಲ್ಲ.

"ಈ ವರ್ಷದಿಂದ ಅವಳಿಗೂ ಕೇಳಿಸೋಕೆ ಶುರುವಾಗಿದೆ," ಎಂದಳು ಅಜ್ಜಿ. ಕುರ್ಚಿಯ ಕೈ ಹಿಡಿದು ಎದ್ದು, ಗಾಜಿನ ಗೂಡಿನ ಕಡೆ ಒಂದೊಂದೇ ಹೆಜ್ಜೆ ಇಟ್ಟು ಹೋಗಿ, ಬಾಗಿಲ ಚಿಲಕಕ್ಕೆ ಕೈಹಾಕಿ ನಮ್ಮ ಕಡೆ ತಿರುಗಿದಳು.

"ಏಳಾಗ್ತಾ ಬಂತು. ಹೆದರಬೇಡಿ, ಯಾರಿಗೂ ಏನೂ ಆಗಲ್ಲ. ಬೆಲ್ ಹೊಡೆದಾಗ ಮಾತ್ರ ನಿಮ್ಮಲ್ಲಿ ಯಾರೂ ಬಾಯಿ ಬಿಡಬೇಡಿ, ಅದರಲ್ಲೂ ಹೆಣ್ಣುಮಕ್ಕಳು... ಈ ಕಡೆ ಬೇರೆ ದನಿ ಕೇಳಿದ್ರೆ, ಅಕ್ಕ ವಾಪಸ್ ಬಂದ್ಲು ಅಂತ ತಂಗಿ ಅಂದ್ಕೊಳ್ತಾಳೆ. ಆಮೇಲೆ ಫೋನ್ ಇಡೋದೇ ಇಲ್ಲ."